ಕೋಲು ಹಾಕ್ಲಾ?

ಹಿಂದಿನಿಂದ ಗಾಳಿ ಬೀಸ್ತಿದ್ರೆ ಹಾಯಿದೋಣಿ ನಡೆಸೋದು ಸುಲಭ ಅಂತ ಯಾರಿಗಾದ್ರೂ ಅನ್ಸುತ್ತೆ. ಆದರೆ ಆಗಲೇ ಮುಂದಿನ ಚಿಕ್ಕ ಹಾಯಿ, ಅಂದ್ರೆ ಜಿಬ್, ಕೆಲಸ ನಿಲ್ಲಿಸಿಬಿಡುತ್ತೆ. ದೊಡ್ಡ ಹಾಯಿ ಗಾಳಿಯನ್ನೆಲ್ಲ ಅಡ್ಡಗಟ್ಟೋದರಿಂದ ಜಿಬ್ ಹಗ್ಗದ ಮೇಲಿನ ಒದ್ದೆ ಬಟ್ಟೆ ಥರ ಜೋತು ಬೀಳುತ್ತೆ.

ಕಳೆದ ರಜೆಯಲ್ಲಿ ಹೈದರಾಬಾದಿನ ಹುಸೇನ್ ಸಾಗರದಲ್ಲಿ ನಾವಿಬ್ಬರೂ ಕಲಿತದ್ದು ಎಂಟರ್‌ಪ್ರೈಸ್ ದೋಣಿಯಲ್ಲಿ. ಜ್ಯಾಕ್ ಹೋಲ್ಟ್ 1956ರಲ್ಲಿ ವಿನ್ಯಾಸ ಮಾಡಿದ, ಸುಮಾರು 4 ಮೀಟರ್ ಉದ್ದದ, ಇಬ್ಬರು ನಡೆಸೋ ದೋಣಿ ಅದು. ನೀಲಿ ಹಾಯಿ ಅದರ ಗುರುತು. ಸ್ಪಿನ್ನೇಕರ್ ಅನ್ನೋ ಬಲೂನಿನಂಥ ಹಾಯಿ ಅದಕ್ಕಿಲ್ಲ, ವಿಸ್ಕರ್ ಪೋಲ್ ಇದೆ. ನಾವು ಕೋಲು ಅಂತಲೇ ಕರೀತಿದ್ವಿ. ಅದರ ಒಂದು ತುದಿಯನ್ನ ಜಿಬ್‌ನ ಹಿಂದಿನ ಮೂಲೆಗೆ ಸಿಕ್ಕಿಸಿ, ಹೊರಗೆ ತಳ್ಳಿ, ಇನ್ನೊಂದು ತುದಿಯನ್ನ ಹಾಯಿಕಂಬಕ್ಕೆ ಕೊಂಡಿ ಹಾಕಬೇಕು. ದೊಡ್ಡ ಹಾಯಿ ಬಲಕ್ಕೆ, ಜಿಬ್ ಎಡಕ್ಕೆ, ಹಕ್ಕಿ ರೆಕ್ಕೆ ಬಿಚ್ಚಿದ ಹಾಗೆ. ಕೋಲು ದೋಣಿಯನ್ನ ತಳ್ಳಲ್ಲ. ಬರೀ ಕಂಪ್ರೆಶನ್ ಮೆಂಬರ್. ಫಸ್ಟ್ ಇಯರ್ ಮೆಕ್ಯಾನಿಕ್ಸ್ ಕೊನೆಗೂ ಎಲ್ಲೋ ಕಣ್ಣಿಗೆ ಬಿತ್ತು.

ಕಷ್ಟ ಇರೋದು ಕೋಲು ಹಾಕೋ ಆ ಐದಾರು ಸೆಕೆಂಡಲ್ಲಿ. ಹಾಕೋನು ಎದ್ದು ನಿಂತಿರ್ತಾನೆ, ಎರಡೂ ಕೈಗೆ ಕೆಲಸ. ಚುಕ್ಕಾಣಿ ಹಿಡಿದವನು ದೋಣಿಯನ್ನ ಬೂಮ್ ಇರೋ ಕಡೆಗೆ ಸ್ವಲ್ಪ ಜಾಸ್ತಿ ತಿರುಗಿಸಿದ್ರೂ ಗಾಳಿ ಹಾಯಿಯ ಆಚೆ ಬದಿಗೆ ಹೊಕ್ಕು, ಬೂಮ್ ರಪ್ಪಂತ ಈ ಕಡೆ ಬರುತ್ತೆ. ತಲೆ ಮಟ್ಟದಲ್ಲಿ.

ರಿಸಲ್ಟ್ ಬಂದಾಗಿನಿಂದ ನಮ್ಮಿಬ್ಬರ ಮಧ್ಯೆ ಮಾತು ಕಮ್ಮಿಯಾಗಿತ್ತು. ಒಬ್ಬನಿಗೆ ಮೂರು ಬ್ಯಾಕ್, ಇನ್ನೊಬ್ಬನಿಗೆ ಒಂದೂ ಇಲ್ಲ. ಯಾರಿಗೆ ಅಂತ ಇಲ್ಲಿ ಬರೆಯಲ್ಲ. ದೋಣಿಯಲ್ಲಿ ಮಾತ್ರ ಬಾಯಿ ಬಿಡಲೇಬೇಕಿತ್ತು. "ಕೋಲು ಹಾಕ್ಲಾ?" "ತಡಿ... ಹಾಕೋ." "ಆಯ್ತು."

ಕೋಲು ಕೂತ ಮೇಲೆ ವಿಚಿತ್ರ ಮೌನ. ಗಾಳಿ ಗಂಟೆಗೆ 12 ಕಿಲೋಮೀಟರ್, ದೋಣಿ 5 ಅಂದ್ಕೊಳ್ಳಿ. ಮೈಗೆ ತಾಗೋದು 7 ಮಾತ್ರ. ಸೆಕೆ ಆಗುತ್ತೆ. ಹಾಯಿ ಪಟಪಟ ಅನ್ನಲ್ಲ. ಪಿಸುಮಾತೂ ಕೇಳುತ್ತೆ.

ಒಂದು ಭಾನುವಾರ ಆ ಮೌನದಲ್ಲೇ ಒಬ್ಬ ಅಂದ, "ಮನೇಲಿ ಇನ್ನೂ ಹೇಳಿಲ್ಲ ಕಣೋ. ಕಾಲೇಜ್ ಬಿಡೋಣ ಅಂತಿದ್ದೀನಿ."

ಇನ್ನೊಬ್ಬ ಹಾಯಿಯಿಂದ ಕಣ್ಣು ತೆಗೆಯೋ ಹಾಗಿರಲಿಲ್ಲ. ಅದು ಒಳ್ಳೇದೇ ಆಯ್ತೇನೋ. ಮುಖ ನೋಡ್ಕೊಂಡು ಕೂತಿದ್ರೆ ನಾವು ಆ ಮಾತನ್ನ ತಮಾಷೆ ಮಾಡಿ ಹಾರಿಸಿಬಿಡ್ತಿದ್ವಿ.

ಅಷ್ಟರಲ್ಲಿ ತಿರುಗಬೇಕಾದ ಬೋಯ್ ಹತ್ತಿರ ಬಂತು. ಕೋಲು ತೆಗೆದ್ವಿ, ತಲೆ ತಗ್ಗಿಸಿದ್ವಿ, ಬೂಮ್ ದಾಟಿತು.

ದಡದಲ್ಲಿ ಹಾಯಿ ಮಡಚ್ತಾ, "ಈಗಲೇ ಫೋನ್ ಮಾಡೋಣ್ವಾ?" ಅಂದ. ಸ್ಪೀಕರ್‌ನಲ್ಲಿ ಹಾಕಿದ್ವಿ. ಮೂರನೇ ರಿಂಗಿಗೆ ಅಮ್ಮ ಎತ್ತಿದ್ರು.