ಒಂದೂವರೆ ಲೀಟರಿನ ಸುಖ

"ಘಾಟಿ ಹತ್ತುತ್ತೇನೋ?"

ಫೋನಿನಲ್ಲಿ ಅಪ್ಪ ಕೇಳಿದ್ದು ಇಷ್ಟೇ. ಎರಡೇ ಸೀಟಿನ ಕಾರು ಯಾಕೆ ಎನ್ನಲಿಲ್ಲ, ಬೆಲೆ ಎಷ್ಟು ಎನ್ನಲಿಲ್ಲ. ಮಜ್ದಾ ಎಂಎಕ್ಸ್-5 ಅಂತ ಒಂದು ಪುಟ್ಟ ಸ್ಪೋರ್ಟ್ಸ್ ಕಾರು, ಮಾಡನ್ನು ಹಿಂದಕ್ಕೆ ಮಡಚಿಡಬಹುದು, ಒಂದೂವರೆ ಲೀಟರಿನ ಇಂಜಿನ್ನಿನದ್ದು ತಗೊಳ್ಳಲಾ, ಎರಡು ಲೀಟರಿನದ್ದಾ ಅಂತ ಮೂರು ತಿಂಗಳಿಂದ ತಲೆ ಕೆಡಿಸಿಕೊಂಡಿದ್ದೀನಿ ಎಂದಿದ್ದೆ.

"ಎರಡೂ ಹತ್ತುತ್ತೆ ಅಪ್ಪ."

"ಮತ್ತೆಂಥ ಯೋಚನೆ ಮಾರಾಯ? ನಮ್ಮ ಫಿಯೆಟ್ಟು ಸಾವಿರದ ಚಿಲ್ಲರೆ ಸಿಸಿ. ಐದು ಜನ, ಡಿಕ್ಕೀಲಿ ಎರಡು ಹಲಸಿನ ಹಣ್ಣು. ಆಗುಂಬೆ ಹತ್ಲಿಲ್ವಾ?"

ಹತ್ತಿತ್ತು. ಅಪ್ಪ ಫಿಯೆಟ್ ಎನ್ನುವುದು ಪ್ರೀಮಿಯರ್ ಪದ್ಮಿನಿಗೆ. 1089 ಸಿಸಿ, ನಲವತ್ತು ಕುದುರೆಯ ಶಕ್ತಿ, ಸ್ಟೀರಿಂಗ್ ಬುಡದಲ್ಲೇ ಗೇರಿನ ದಂಡ. ಉಡುಪಿಯಿಂದ ತೀರ್ಥಹಳ್ಳಿಗೆ ವಾಪಸು ಬರುವಾಗ ಸೋಮೇಶ್ವರ ದಾಟಿದ ಕೂಡಲೇ ಅಪ್ಪ ಮಾತು ನಿಲ್ಲಿಸುತ್ತಿದ್ದರು. ಮುಂದೆ ಹದಿನಾಲ್ಕು ಹೇರ್‌ಪಿನ್ ತಿರುವು. ಇಂಜಿನ್ನಿನ ಸದ್ದು ಒಂದು ಹದಕ್ಕೆ ಇಳಿದು ಗೊರಗೊರ ಅನ್ನಲು ಶುರುವಾಗುವ ತುಸು ಮುಂಚೆ, "ಕೇಳ್ತಾ ಇದೆ ನೋಡು" ಎನ್ನುತ್ತಾ ಗೇರ್ ಇಳಿಸುತ್ತಿದ್ದರು. ಗಾಡಿ ಗೇರ್ ಕೇಳುತ್ತದೆ, ಕೇಳಿದಾಗ ಕೊಡಬೇಕು. ಡ್ರೈವಿಂಗಿನಲ್ಲಿ ನನಗೆ ಯಾರಾದರೂ ಪಾಠ ಹೇಳಿದ್ದರೆ ಅದಿಷ್ಟೇ. ಅವತ್ತಿನಿಂದ ನನಗೆ ಕಾರೆಂದರೆ ಮೊದಲು ಕಿವಿಗೆ ಸಂಬಂಧಪಟ್ಟ ವಸ್ತು.

ಈಗ ನಾನಿರುವುದು ಇಂಗ್ಲೆಂಡಿನ ಶೆಫೀಲ್ಡಿನಲ್ಲಿ. ಊರು ಬಿಟ್ಟು ಪಶ್ಚಿಮಕ್ಕೆ ಅರ್ಧ ಗಂಟೆ ಹೋದರೆ ಸ್ನೇಕ್ ಪಾಸ್ ಎಂಬ ಘಾಟಿ. ಮೈ ತಿರುಚಿದ ರಸ್ತೆ ನೋಡಿ ಹಾವಿನ ಹೆಸರಿಟ್ಟಿದ್ದಾರೆಂದು ಬಹಳ ದಿನ ನಂಬಿದ್ದೆ. ಆಮೇಲೆ ತಿಳಿಯಿತು, ಹೆಸರು ಬಂದದ್ದು ಇಲ್ಲಿನ ಜಮೀನ್ದಾರರಾಗಿದ್ದ ಡೆವನ್‌ಶೈರ್ ಡ್ಯೂಕರ ಮನೆತನದ ಲಾಂಛನದಲ್ಲಿರುವ ಸರ್ಪದಿಂದ. ಲೇಡಿಬೌವರ್ ಜಲಾಶಯದ ದಡದಿಂದ ಹೊರಟು, ಸೂಚಿಪರ್ಣಿ ಮರಗಳ ನೆರಳಲ್ಲಿ ಏರಿ, ಮರಗಳೆಲ್ಲ ಮುಗಿದ ಮೇಲೆ ಬೋಳು ಬೆಟ್ಟದ ನೆತ್ತಿಗೆ ಸುಮಾರು 510 ಮೀಟರ್ ಎತ್ತರಕ್ಕೆ ತಲುಪುತ್ತದೆ. ಮಳೆ ಹೆಚ್ಚಾದರೆ ನಮ್ಮ ಚಾರ್ಮಾಡಿಯ ಹಾಗೆ ಇದೂ ಕುಸಿಯುತ್ತದೆ, 2022ರಲ್ಲಿ ಕುಸಿದು ವಾರಗಟ್ಟಲೆ ಮುಚ್ಚಿತ್ತು. ವೇಗದ ಮಿತಿ ಗಂಟೆಗೆ 50 ಮೈಲಿ. ಈ ಐವತ್ತನ್ನು ಮನಸ್ಸಿನಲ್ಲಿಡಿ, ನನ್ನ ಇಡೀ ಲೆಕ್ಕಾಚಾರ ನಿಂತಿರುವುದು ಅದರ ಮೇಲೆ.

ಎಂಎಕ್ಸ್-5 ಹಿರೋಷಿಮಾದ ಕೂಸು. 1989ರ ಫೆಬ್ರವರಿಯಲ್ಲಿ ಶಿಕಾಗೋ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡಿತು. ಹಳೆಯ ಇಂಗ್ಲಿಷ್ ರೋಡ್‌ಸ್ಟರುಗಳ ಹಾಗೆ ಹಗುರವಾದ, ಮಾಡು ತೆರೆಯುವ, ಹಿಂದಿನ ಚಕ್ರ ತಳ್ಳುವ ಕಾರನ್ನು ಈಗಲೂ ಯಾರಾದರೂ ಮಾಡಬೇಕು ಎಂದು ಬಾಬ್ ಹಾಲ್ ಎಂಬ ಅಮೆರಿಕದ ಪತ್ರಕರ್ತ 1979ರಲ್ಲೇ ಮಜ್ದಾದ ಕೆನಿಚಿ ಯಮಾಮೊಟೊ ಅವರ ಕಿವಿಗೆ ಹಾಕಿದ್ದರಂತೆ. ಆ ಇಂಗ್ಲಿಷ್ ಕಾರುಗಳ ಸಾಲಿನಲ್ಲೊಂದು 1958ರ ಆಸ್ಟಿನ್-ಹೀಲಿ ಸ್ಪ್ರೈಟ್. ಅದರ ಇಂಜಿನ್ 948 ಸಿಸಿ, ನಮ್ಮಪ್ಪನ ಫಿಯೆಟ್ಟಿಗಿಂತ ಚಿಕ್ಕದು! ಓದಿದ ದಿನ ಮತ್ತೆ ಮತ್ತೆ ಅಂಕಿ ನೋಡಿದೆ. ಸ್ಪೋರ್ಟ್ಸ್ ಕಾರು ಅನ್ನಿಸಿಕೊಳ್ಳಲು ಇಂಜಿನ್ ದೊಡ್ಡದಿರಲೇಬೇಕು ಅಂತೇನಿಲ್ಲ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ನನಗೆ ಬೇಕಿರಲಿಲ್ಲ. ಆದರೂ ತೀರ್ಮಾನಕ್ಕೆ ಮೂರು ತಿಂಗಳು ಹಿಡಿಯಿತು.

ಎಂಎಕ್ಸ್-5 ಬಳಗದಲ್ಲಿ ಇದು ಹಳೆಯ ಜಗಳ. ಮೊದಲು ಬಂದದ್ದು 1.6, ನಾಲ್ಕು ವರ್ಷದಲ್ಲಿ 1.8 ಬಂತು. ಕಾರು ಸ್ವಲ್ಪ ತೂಕ ಹಾಕಿಕೊಂಡಿದ್ದಕ್ಕೆ ಆ ಹೆಚ್ಚಿನ ಬಲ. ಆಗಲೇ ಎರಡು ಪಂಗಡವಾಯಿತು. 2015ರಲ್ಲಿ ಮಾರಾಟಕ್ಕೆ ಬಂದ ನಾಲ್ಕನೇ ತಲೆಮಾರು, ಅಂದರೆ ನನ್ನ ಕಣ್ಣಿದ್ದ ಕಾರು, ಬಟ್ಟೆಯ ಮಾಡಿನದ್ದು, ಜಪಾನಿನಲ್ಲಿ ಒಂದೂವರೆ ಲೀಟರಿನಲ್ಲಿ ಮಾತ್ರ ಸಿಗುತ್ತಿತ್ತು. ಅಮೆರಿಕದಲ್ಲಿ ಎರಡು ಲೀಟರಿನಲ್ಲಿ ಮಾತ್ರ. ಆ ಎರಡು ದೇಶದವರಿಗೆ ಚಿಂತೆಯೇ ಇರಲಿಲ್ಲ. ಎರಡನ್ನೂ ಮುಂದಿಟ್ಟು ಆರಿಸಿಕೋ ಎಂದದ್ದು ಇಲ್ಲಿ.

ಲೆಕ್ಕ ಹೀಗಿದೆ. ಚಿಕ್ಕ ಇಂಜಿನ್ 1496 ಸಿಸಿ, 131 ಅಶ್ವಶಕ್ತಿ. ದೊಡ್ಡದು 1998 ಸಿಸಿ, 160. ಎರಡಕ್ಕೂ ನಾಲ್ಕೇ ಸಿಲಿಂಡರ್. ದೊಡ್ಡದರ ಒಂದೊಂದು ಸಿಲಿಂಡರಿಗೆ ಅರ್ಧ ಲೀಟರಿನ ತುತ್ತು, ಚಿಕ್ಕದರದ್ದು ಮುಕ್ಕಾಲು ತುತ್ತು. ದೊಡ್ಡ ತುತ್ತಿನವನು ನಿಧಾನವಾಗಿ ಉಂಡರೂ ಹೊಟ್ಟೆ ತುಂಬುತ್ತದೆ, ಅದಕ್ಕೇ ಎರಡು ಲೀಟರಿನ ಇಂಜಿನ್ ಕೆಳಗಿನ ಆರ್‌ಪಿಎಂನಲ್ಲೂ ಗಾಡಿಯನ್ನು ಎಳೆದುಕೊಂಡು ಹೋಗುತ್ತದೆ. ಸಣ್ಣ ತುತ್ತಿನವನು ಅಷ್ಟೇ ಕೆಲಸಕ್ಕೆ ಬೇಗ ಬೇಗ ಉಣ್ಣಬೇಕು. ದೊಡ್ಡದರ ಬಲ 6000 ಆರ್‌ಪಿಎಂಗೆ ಶಿಖರ ಮುಟ್ಟಿ, 6800ಕ್ಕೆ ಕೆಂಪು ಗೆರೆ ಬರುತ್ತದೆ. ಚಿಕ್ಕದು 7000ದವರೆಗೂ ಬಲ ಕೂಡಿಸುತ್ತಲೇ ಹೋಗುತ್ತದೆ, ಕೆಂಪು ಗೆರೆ 7500ಕ್ಕೆ. 7000ದಲ್ಲಿ ಅದರ ಪಿಸ್ಟನ್ ಸರಾಸರಿ ಸೆಕೆಂಡಿಗೆ 20 ಮೀಟರಿನಂತೆ ಮೇಲೆ ಕೆಳಗೆ ಓಡುತ್ತಿರುತ್ತದೆ. ಕಣ್ಣಿಗೆ ಕಾಣದ ಆ ಓಟ ಸೀಟಿನ ಬೆನ್ನಿಗೆ ಮುಟ್ಟುತ್ತದೆ.

ನೂರು ಕಿಲೋಮೀಟರ್ ವೇಗಕ್ಕೆ ದೊಡ್ಡದು 7.3 ಸೆಕೆಂಡು, ಚಿಕ್ಕದು 8.3. ವ್ಯತ್ಯಾಸ ಒಂದು ಸೆಕೆಂಡು.

ಮೊದಲು ಓಡಿಸಿದ್ದು ಎರಡು ಲೀಟರಿನದ್ದು, ಒಂದು ಸೆಕೆಂಡ್ ಹ್ಯಾಂಡ್ ಶೋರೂಮಿನಲ್ಲಿ. ಒಳ್ಳೆಯ ಕಾರು, ಅದರಲ್ಲಿ ಎರಡು ಮಾತಿಲ್ಲ. ಹೆದ್ದಾರಿಗೆ ಸೇರುವ ಜಾಗದಲ್ಲಿ ಲಾರಿಗಳ ಸಾಲಿನೊಳಗೆ ನುಗ್ಗಲು ಪಾದ ಒಂದಿಷ್ಟು ಒತ್ತಿದರೆ ಸಾಕಿತ್ತು. ಹಿಂದಿನ ಎರಡು ಚಕ್ರಕ್ಕೂ ಬಲವನ್ನು ಹದವಾಗಿ ಹಂಚುವ ಡಿಫರೆನ್ಷಿಯಲ್ ಇದ್ದುದರಿಂದ ಒದ್ದೆ ವೃತ್ತದಲ್ಲೂ ಕಾರು ನೆಲಕ್ಕೆ ಅಂಟಿಕೊಂಡಿತ್ತು. ದಿನಾ ಹೆದ್ದಾರಿಯಲ್ಲಿ ಓಡಾಡುವವರಿಗೆ, ಇಬ್ಬರು ಕೂತು ಸಾಮಾನು ತುಂಬಿ ದೂರ ಹೋಗುವವರಿಗೆ ಇದೇ ಸರಿ ಎಂದು ನಾನು ಯಾರಿಗೆ ಬೇಕಾದರೂ ಹೇಳುತ್ತೇನೆ. ಆದರೆ ಬೆಟ್ಟದ ಕಡೆಗೆ ತಿರುಗಿದ ಮೇಲೆ ಒಂದು ಗಮನಿಸಿದೆ. ಕಾರು ನನ್ನನ್ನು ಏನೂ ಕೇಳುತ್ತಿರಲಿಲ್ಲ. ಮೂರನೇ ಗೇರಿನಲ್ಲೇ ಎಲ್ಲ ನಡೆದುಹೋಯಿತು. ಪಾದ ಪೂರ್ತಿ ಒತ್ತಿದ್ದು ಎರಡು ಸಲ, ಎರಡು ಸಲವೂ ಮನಸ್ಸು ತಣಿಯುವ ಮೊದಲೇ ಐವತ್ತು ದಾಟಿ ಪಾದ ಎತ್ತಬೇಕಾಯಿತು.

ಒಂದೂವರೆ ಲೀಟರಿನದ್ದು ಸಿಕ್ಕಿದ್ದು ಹಳ್ಳಿಯೊಂದರ ನಿವೃತ್ತ ಶಿಕ್ಷಕಿಯೊಬ್ಬರ ಮನೆಯಲ್ಲಿ. ಬೂದು ಬಣ್ಣ, ಹದಿನಾರು ಇಂಚಿನ ಚಕ್ರ. ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ಕಾರಿನ ಹೊಟ್ಟೆ ತಿನ್ನುತ್ತದೆಂದು ತಿಂಗಳಿಗೊಮ್ಮೆ ಅಡಿಭಾಗ ತೊಳೆಸುತ್ತಿದ್ದರಂತೆ. ಮೊಣಕಾಲೂರಿ ಟಾರ್ಚ್ ಬಿಟ್ಟು ನೋಡಿದೆ, ನಿಜ. ಕೀ ಕೊಡುತ್ತಾ ಅವರು ಹೇಳಿದ್ದು ಒಂದೇ ಮಾತು: "ನಾಲ್ಕು ಸಾವಿರ ದಾಟುವ ತನಕ ತೀರ್ಮಾನ ಮಾಡಬೇಡಿ."

ಹಳ್ಳಿ ದಾಟುತ್ತಲೇ ಹುಲ್ಲಿನ ಹೊರೆ ಹೊತ್ತ ಟ್ರ್ಯಾಕ್ಟರ್ ಎದುರಾಯಿತು. 25 ಮೈಲಿ ವೇಗದಲ್ಲಿ ಅದರ ಹಿಂದೆ ತೆವಳುತ್ತಾ ಮೂರನೇ ಗೇರಿನಲ್ಲಿ ಒತ್ತಿದೆ. ಆರ್‌ಪಿಎಂ ಮುಳ್ಳು 2000ದ ಹತ್ತಿರ, ಕಾರು ಒಲ್ಲೆ ಎಂದಿತು. ಗೊರಗೊರ. ಅದೇ ಸದ್ದು, ಸೋಮೇಶ್ವರ ದಾಟಿದ ಮೇಲಿನದ್ದು. ಕೈ ತನ್ನಷ್ಟಕ್ಕೇ ಗೇರಿನ ಮೇಲೆ ಹೋಯಿತು. ಈ ಕಾರಿನ ಗೇರ್ ದಂಡ ಗಿಡ್ಡ, ಮಣಿಕಟ್ಟು ತಿರುಗಿಸಿದರೆ ಸಾಕು, ಒಳಗೆಲ್ಲೋ ಒಳ್ಳೆಯ ಬೀಗ ಬಿದ್ದಂತೆ ಟಕ್ಕನೆ ಕೂರುತ್ತದೆ. ಎರಡಕ್ಕೆ ಇಳಿಸಿದೆ. ಮುಳ್ಳು 3000ಕ್ಕೆ ನೆಗೆಯಿತು. ಎದುರು ರಸ್ತೆ ಖಾಲಿ. ಪಾದ ಪೂರ್ತಿ ಒತ್ತಿದೆ. ನಾಲ್ಕು ಸಾವಿರದಲ್ಲಿ ಗಂಟಲು ಬಿಚ್ಚಿತು. ಐದು ಸಾವಿರದಲ್ಲಿ ಸದ್ದಿಗೆ ಹರಿತ ಬಂತು. ಆರು ಸಾವಿರಕ್ಕೆ ಸ್ಟೀರಿಂಗಿನ ಅಂಚಿನಲ್ಲಿ ಸಣ್ಣ ನಡುಕ, ಟ್ರ್ಯಾಕ್ಟರ್ ಕನ್ನಡಿಯಲ್ಲಿ, ವೇಗ ಐವತ್ತಕ್ಕೆ ಒಂದು ಕೂದಲು ಕಡಿಮೆ. ಎರಡನೇ ಗೇರೊಂದರಲ್ಲೇ ಇಂಜಿನ್ನಿನ ಬಹುಪಾಲು ದನಿ ಕೇಳಿಯಾಗಿತ್ತು, ಕಾನೂನಿನೊಳಗೇ. ದೊಡ್ಡ ಇಂಜಿನ್ನಿಗಿಂತ ಇಲ್ಲಿ ತಗುಲಿದ ಹೆಚ್ಚಿನ ಹೊತ್ತು ಪೂರ್ತಿ ನನ್ನ ಕಿವಿಗೆ ಸಂದಿತ್ತು.

ಜಪಾನೀಯರು ಈ ಕಾರಿನ ಬಗ್ಗೆ ಹೇಳುವ ಮಾತು "ಜಿನ್ಬಾ ಇತ್ತೈ." ಕುದುರೆ ಮತ್ತು ಸವಾರ ಒಂದೇ ಮೈ ಆಗುವುದು ಎಂದರ್ಥ. ತಾನಾಗಿಯೇ ಎಲ್ಲ ಮಾಡಿಬಿಡುವ ಕುದುರೆಯ ಮೇಲೆ ಸವಾರ ಸಾಮಾನಿನಂತೆ ಕೂತಿರುತ್ತಾನೆ. ಮೊಣಕಾಲಿನ ಒತ್ತು, ಲಗಾಮಿನ ಎಳೆತ ಎರಡನ್ನೂ ಬೇಡುವ ಕುದುರೆಯಾದರೆ ಅವನಿಗೆ ಕೆಲಸವಿದೆ. ನನಗೆ ಕೆಲಸ ಬೇಕಿತ್ತು.

ಒಂದು ಮಾತು ಒಪ್ಪಿಕೊಳ್ಳಬೇಕು. 2018ರಲ್ಲಿ ಎರಡು ಲೀಟರಿನ ಇಂಜಿನ್ನನ್ನು ಮಜ್ದಾದವರು ಮತ್ತೆ ಕೈಗೆತ್ತಿಕೊಂಡು ಒಂದೊಂದು ಪಿಸ್ಟನ್ನಿನಿಂದ 27 ಗ್ರಾಂ, ಒಂದೊಂದು ಕನೆಕ್ಟಿಂಗ್ ರಾಡಿನಿಂದ 41 ಗ್ರಾಂ ಇಳಿಸಿದರು. ಬಲ 184ಕ್ಕೆ ಏರಿತು, ಕೆಂಪು ಗೆರೆ 7500ಕ್ಕೆ ಹೋಯಿತು. ಚಿಕ್ಕದರ ಹಾಡುವ ಗುಣ ದೊಡ್ಡದಕ್ಕೂ ಬಂತು. ಗ್ರಾಂ ಲೆಕ್ಕದಲ್ಲಿ ಲೋಹ ಕೆರೆದು ಇಂಜಿನ್ನಿನ ಸ್ವಭಾವ ತಿದ್ದುವವರ ಬಗ್ಗೆ ನನಗೆ ಅಪಾರ ಗೌರವ. ಅದು ನನ್ನ ಬಜೆಟ್ಟಿಗೆ ಮೀರಿದ್ದು. ಕೈಗೆಟಕಿದ್ದರೂ ಸ್ನೇಕ್ ಪಾಸಿನ ಐವತ್ತು ಮೈಲಿಗೆ ನಾನು ಚಿಕ್ಕದನ್ನೇ ಆರಿಸುತ್ತಿದ್ದೆ.

ಮರುವಾರ ಶಿಕ್ಷಕಿಗೆ ದುಡ್ಡು ಕಟ್ಟಿ ಬೂದು ಕಾರನ್ನು ಮನೆಗೆ ತಂದೆ.

ಬೇಸಿಗೆಯಲ್ಲಿ ಅಪ್ಪ ಬಂದರು. ಎಪ್ಪತ್ತೆಂಟರ ಮಂಡಿಗೆ ನೆಲಮಟ್ಟದ ಸೀಟು ಸುಲಭವಲ್ಲ. ಬಾಗಿಲಿನ ಅಂಚು ಹಿಡಿದು ಮೊದಲು ಕೂತು, ಆಮೇಲೆ ಕಾಲುಗಳನ್ನು ಒಂದೊಂದಾಗಿ ಒಳಗೆ ಎತ್ತಿಟ್ಟುಕೊಂಡರು. ಮಂಕಿ ಟೋಪಿ ಹಾಕಿಕೊಂಡು, ಮಾಡು ತೆಗಿ ಎಂದರು. ಜಲಾಶಯ ದಾಟುವ ತನಕ ಊರಿನ ಅಡಿಕೆ ರೇಟು, ಅತ್ತೆಯ ಮಗಳ ಮದುವೆ, ಮಂಗನ ಕಾಟ. ಏರು ಶುರುವಾಯಿತು. ಅಪ್ಪ ಮಾತು ನಿಲ್ಲಿಸಿದರು.

ಮರಗಳ ನೆರಳಿನಲ್ಲಿ ಸದ್ದು ಗೋಡೆಗೆ ತಾಗಿ ವಾಪಸು ಬರುತ್ತಿತ್ತು. ನಾನು ರಸ್ತೆ ನೋಡುತ್ತಿದ್ದೆ, ಆದರೂ ಪಕ್ಕದಲ್ಲಿ ತೊಡೆಯ ಮೇಲಿದ್ದ ಅವರ ಕೈಬೆರಳುಗಳು ಮಡಚಿಕೊಂಡಿದ್ದು ಕಾಣುತ್ತಿತ್ತು, ಇಲ್ಲದ ದಂಡವೊಂದನ್ನು ಹಿಡಿದಂತೆ. ಎಡಕ್ಕೊಂದು ಗಟ್ಟಿ ತಿರುವು, ಅದರ ಬೆನ್ನಿಗೇ ಏರು. ಮೂರನೇ ಗೇರಿನಲ್ಲಿ ಇಂಜಿನ್ನಿನ ದನಿ ಇಳಿಯತೊಡಗಿತು.

"ಕೇಳ್ತಾ ಇದೆ," ಎಂದರು ಅಪ್ಪ.

ನನ್ನ ಕೈ ಆಗಲೇ ಗೇರಿನ ಮೇಲಿತ್ತು.