ಒಂದು ವಾಟಿನ ಸಂಸಾರ

ಡಿಸೆಂಬರ್ ಬಂತೆಂದರೆ ಬೆಂಗಳೂರಿನಲ್ಲಿ ಹಾಲು ಸರಿಯಾಗಿ ಹೆಪ್ಪಾಗುವುದಿಲ್ಲ. ಬೆಳಿಗ್ಗೆ ಎದ್ದು ಪಾತ್ರೆ ಓರೆ ಮಾಡಿದರೆ ಹಾಲು ಹಾಲಾಗಿಯೇ ಅತ್ತಿತ್ತ ಓಡಾಡುತ್ತಿರುತ್ತದೆ. ಅದಕ್ಕೆ ನಮ್ಮಮ್ಮ ಕಂಡುಕೊಂಡ ಉಪಾಯ ನನ್ನ ಆಂಪ್ಲಿಫೈಯರ್. ರಾತ್ರಿ ಊಟವಾದ ಮೇಲೆ ನಾನು ಅದರ ಸ್ವಿಚ್ ಒತ್ತಿದ ಸದ್ದು ಕೇಳಿದರೆ ಸಾಕು, ಹೆಪ್ಪು ಹಾಕಿದ ಸ್ಟೀಲ್ ಡಬರಿ ಹಿಡಿದುಕೊಂಡು ಹಾಲ್‌ಗೆ ಬರುತ್ತಾಳೆ. ಮೊದಮೊದಲು ಅದರ ತಲೆಯ ಮೇಲೇ ಇಡಲು ಹೊರಟಿದ್ದಳು. ‘ಒಳಗೆ ನಾನೂರು ವೋಲ್ಟ್ ಇದೆಯಮ್ಮಾ, ಒಂದು ತೊಟ್ಟು ಹಾಲು ಬಿದ್ದರೂ ನಾನೂ ಇಲ್ಲ, ನಿನ್ನ ಮೊಸರೂ ಇಲ್ಲ’ ಎಂದು ಕೂಗಾಡಿದ ಮೇಲೆ ರಾಜಿಯಾಯಿತು. ಗೇಣು ದೂರದಲ್ಲಿ ಒಂದು ಗಿಡ್ಡ ಸ್ಟೂಲು, ಸ್ಟೂಲಿನ ಮೇಲೆ ಡಬರಿ, ಡಬರಿಯ ಮೇಲೆ ಮುಚ್ಚಳ, ಮುಚ್ಚಳದ ಮೇಲೆ ಅಮ್ಮನ ಕಣ್ಣು.

ಅದು ಹುಟ್ಟಿದ್ದು ಮೊಸರಿಗಲ್ಲ ಎಂದು ಬೇರೆ ಹೇಳಬೇಕಾಗಿಲ್ಲ. 22 ಕಿಲೋ ತೂಗುವ ವಾಲ್ವ್ ಆಂಪ್ಲಿಫೈಯರ್ ಅದು. ಮುಂದೆ ಹೆಬ್ಬೆರಳಿನಷ್ಟು ಗಾತ್ರದ ಮೂರು ಪುಟ್ಟ ವಾಲ್ವುಗಳು, ಅವುಗಳ ಬೆನ್ನಿಗೆ ಇಎಲ್34 ಎಂಬ ಎತ್ತರದ ನಾಲ್ಕು, ತೀರಾ ಹಿಂದೆ ಇಟ್ಟಿಗೆಗಳಂತೆ ಕೂತ ಮೂರು ಟ್ರಾನ್ಸ್‌ಫಾರ್ಮರುಗಳು. ಊರು ಬಿಟ್ಟು ಮಗಳ ಮನೆ ಸೇರಲಿದ್ದ ಬಸವನಗುಡಿಯ ಹಿರಿಯರೊಬ್ಬರಿಂದ ಕೊಂಡದ್ದು. ಸೆಕೆಂಡ್ ಹ್ಯಾಂಡ್ ಆದರೂ ಕೊಟ್ಟ ಹಣದಲ್ಲಿ ಹೊಸ ಸ್ಕೂಟರ್ ಬರುತ್ತಿತ್ತು. ಮನೆಯಲ್ಲಿ ಹೇಳಿದ ಬೆಲೆಗೆ ಸೈಕಲ್ ಬರುತ್ತಿತ್ತು. ಆ ಯಜಮಾನರು ಅದನ್ನು ಆಟೋಗೆ ಏರಿಸುವಾಗ ಎರಡು ಸಲ ಸವರಿ, ‘ಸ್ಪೀಕರ್ ಜೋಡಿಸದೆ ಮಾತ್ರ ಯಾವತ್ತೂ ಆನ್ ಮಾಡಬೇಡಿ’ ಎಂದರು. ಹೆಣ್ಣು ಕೊಟ್ಟವರು ಬೀಗರಿಗೆ ಹೇಳುವ ಹಾಗಿತ್ತು. ಹೊರೆಯಿಲ್ಲದೆ ದುಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು ಎಂಬ ಕಾರಣ ಆಮೇಲೆ ತಿಳಿಯಿತು.

ಸ್ವಿಚ್ ಒತ್ತಿದ ಕೂಡಲೇ ಏನೂ ಆಗುವುದಿಲ್ಲ. ಗಾಜಿನ ಹೊಟ್ಟೆಯೊಳಗೆ ದೀಪದ ಬತ್ತಿ ಹೊತ್ತಿದ ಹಾಗೆ ಒಂದು ಕೆಂಚು ಬಣ್ಣ ನಿಧಾನವಾಗಿ ಏರುತ್ತದೆ. ಕಾದ ಲೋಹ ಹಿಗ್ಗುತ್ತ ಟಿಕ್, ಟಿಕ್ ಎನ್ನುತ್ತದೆ. ಅರ್ಧ ನಿಮಿಷವಾದ ಮೇಲೆ ಸ್ಪೀಕರಿನಲ್ಲಿ ಯಾರೋ ಬಾಗಿಲು ತೆರೆದಂಥ ಒಂದು ಸಣ್ಣ ಉಸಿರು. ಪೂರ್ತಿ ಹದಕ್ಕೆ ಬರಲು ಇನ್ನೂ ಇಪ್ಪತ್ತು ನಿಮಿಷ. ನನ್ನ ಗೆಳೆಯರಿಗೆಲ್ಲ ಇದು ಸೋಜಿಗ. ಅಮ್ಮನಿಗೆ ಅಲ್ಲ. ‘ನಮ್ಮಪ್ಪನ ರೇಡಿಯೋನೂ ಹೀಗೇ ಕಣೋ, ವಾರ್ತೆ ಶುರುವಾಗೋಕೆ ಮುಂಚೆನೇ ಹಾಕಿಡಬೇಕಿತ್ತು’ ಎನ್ನುತ್ತಾಳೆ. ಆ ರೇಡಿಯೋಗೆ ಹಸಿರು ಕಣ್ಣಿತ್ತಂತೆ, ಪೋಸ್ಟಾಫೀಸಿನಲ್ಲಿ ವರ್ಷ ವರ್ಷ ದುಡ್ಡು ಕಟ್ಟುವ ಲೈಸೆನ್ಸ್ ಇತ್ತಂತೆ, ಅದರ ಮೇಲೆ ಬೆಕ್ಕು ಮಲಗುತ್ತಿತ್ತಂತೆ. ನಾನು ಸಾಲ ಮಾಡಿ ತಂದ ಐಷಾರಾಮ ಅವಳ ಪಾಲಿಗೆ ಬೆಕ್ಕಿಲ್ಲದ ಹಳೇ ರೇಡಿಯೋ.

ವಾಲ್ವಿನ ಕೆಲಸ ಅರ್ಥವಾಗಬೇಕಾದರೆ ಕೆರೆಯ ತೂಬನ್ನು ನೆನೆದರೆ ಸಾಕು. ಗದ್ದೆಗೆ ನುಗ್ಗುವ ನೀರಿನ ರಭಸವೆಲ್ಲ ಕೆರೆಯದು. ತೂಬೆತ್ತುವ ಕೈಗೆ ಅಂಥ ಬಲವೇನೂ ಬೇಡ. 1904ರಲ್ಲಿ ಫ್ಲೆಮಿಂಗ್ ಮಾಡಿದ ವಾಲ್ವಿನಲ್ಲಿ ಕಾದ ತಂತಿ ಒಂದು ಕಡೆ, ಎಲೆಕ್ಟ್ರಾನುಗಳನ್ನು ಸೆಳೆಯುವ ತಗಡು ಇನ್ನೊಂದು ಕಡೆ, ಅಷ್ಟೇ ಇತ್ತು. ಎರಡು ವರ್ಷದ ಮೇಲೆ ಅಮೆರಿಕದ ಲೀ ಡಿ ಫಾರೆಸ್ಟ್ ಎಂಬಾತ ನಡುವೆ ಇನ್ನೊಂದು ತಂತಿಯನ್ನು ತುರುಕಿದ. ಅದೇ ತೂಬು. ರೆಕಾರ್ಡಿನಿಂದ ಬಂದ ಬಡಕಲು ಕರೆಂಟು ಅದನ್ನು ಅಲುಗಿಸುತ್ತದೆ, ಕೆರೆಯ ನೀರು ಅದರಂತೆ ಹರಿಯುತ್ತದೆ. ಹೀಗೆ ನೋಡಿದರೆ ನಾನು ದಿನಾ ರಾತ್ರಿ ಕೇಳುವುದು ಬೆಸ್ಕಾಂ ಕರೆಂಟನ್ನೇ. ಮಲ್ಲಿಕಾರ್ಜುನ ಮನ್ಸೂರರು ಅಲ್ಲಿ ತೂಬು ಎತ್ತಿ ಇಳಿಸುತ್ತಾರೆ.

ಇದಕ್ಕೆ ತಗಲುವ ಖರ್ಚನ್ನು ಒಮ್ಮೆ ಲೆಕ್ಕ ಹಾಕಿ ನಾನೇ ಬೆಚ್ಚಿಬಿದ್ದೆ. ನಾಲ್ಕು ದೊಡ್ಡ ವಾಲ್ವುಗಳ ಬತ್ತಿ ಕಾಯಿಸುವುದಕ್ಕೇ 38 ವಾಟ್. ಹಾಡಲಿ ಬಿಡಲಿ, ಒಂದೊಂದೂ ಸುಮ್ಮನೆ ಕೂತಲ್ಲೇ ಇನ್ನೂ ಹದಿನಾರು ವಾಟ್ ತಿನ್ನುತ್ತದೆ. ಎಲ್ಲ ಸೇರಿ ಗೋಡೆಯಿಂದ ನೂರು ವಾಟಿನ ಮೇಲೆ ಎಳೆಯುತ್ತದೆ. ಹಾಗಾದರೆ ಸ್ಪೀಕರಿಗೆ ಹೋಗುವುದೆಷ್ಟು? ನಮ್ಮದು ಒಂದು ವಾಟಿಗೆ ಒಂದು ಮೀಟರ್ ದೂರದಲ್ಲಿ 88 ಡೆಸಿಬೆಲ್ ಕೊಡುವ ಸ್ಪೀಕರ್. ಹೆಂಡತಿ ಬಾಗಿಲು ಹಾಕಿಕೊಳ್ಳದ ಮಟ್ಟದಲ್ಲಿ ಕೇಳುವುದಕ್ಕೆ ಒಂದು ವಾಟೂ ಬೇಡ, ಅರ್ಧ ಧಾರಾಳವಾಯಿತು. ಮತ್ತೆ ಪೆಟ್ಟಿಗೆಯ ಮೇಲೆ ಬರೆದ 35 ವಾಟ್ ಏತಕ್ಕೆ? ತಬಲಾದ ಮೊದಲ ಪೆಟ್ಟಿಗೆ. ಸದ್ದು ಹತ್ತು ಡೆಸಿಬೆಲ್ ಏರಬೇಕಾದರೆ ಶಕ್ತಿ ಹತ್ತು ಪಟ್ಟಾಗಬೇಕು. ಆಲಾಪದ ಉದ್ದಕ್ಕೂ ತೆಪ್ಪಗಿದ್ದು ಆ ಒಂದು ‘ಧಾ’ಗೆ ತಟ್ಟನೆ ಐದಾರು ವಾಟ್ ತೆಗೆದುಕೊಟ್ಟು ಮತ್ತೆ ಕಣ್ಣು ಮುಚ್ಚುವ ಆಸಾಮಿ ಇದು. ಉಳಿದದ್ದೆಲ್ಲ ಬಿಸಿ. ಅಮ್ಮನ ಮಾತಿನಲ್ಲಿ ಉಳಿದದ್ದೆಲ್ಲ ಮೊಸರು.

ತಂದ ಹೊಸದರಲ್ಲಿ ಮೂರು ವಾರ ಗುಂಯ್ ಎನ್ನುವ ಸದ್ದೊಂದು ನನ್ನ ಜೀವ ಹಿಂಡಿತು. ಮಂದ್ರದಲ್ಲಿ ಸಣ್ಣಗೆ ಶ್ರುತಿ ಹಿಡಿದ ಹಾಗೆ. ಸ್ಪೀಕರ್ ವೈರ್ ಬದಲಿಸಿದೆ, ಸ್ಟೆಬಿಲೈಸರ್ ಬದಲಿಸಿದೆ, ಯಾರೋ ಹೇಳಿದರೆಂದು ಅಂಗಳದ ಅರ್ತಿಂಗ್ ಗುಂಡಿಗೆ ಉಪ್ಪು ಸುರಿದು ದಿನಾ ಎರಡು ಬಿಂದಿಗೆ ನೀರು ಹಾಕಿದೆ. ಪಕ್ಕದ ಮನೆಯವರು ಯಾವುದೋ ಶಾಂತಿ ಮಾಡಿಸುತ್ತಿದ್ದೇನೆ ಎಂದುಕೊಂಡರು. ಕೊನೆಗೆ ಬಂದವರು ಎಸ್.ಪಿ. ರೋಡಿನ ಒಬ್ಬ ಮೆಕ್ಯಾನಿಕ್. ಹಿಂದೆ ಟೂರಿಂಗ್ ಟಾಕೀಸುಗಳ ಆಂಪ್ಲಿಫೈಯರ್ ರಿಪೇರಿ ಮಾಡಿದವರು. ಪೆಟ್ಟಿಗೆಯನ್ನು ಮುಟ್ಟಲೂ ಇಲ್ಲ, ಕಾಫಿ ಕುಡಿಯುತ್ತ ಕೋಣೆಯನ್ನೊಮ್ಮೆ ನೋಡಿ, ಟಿವಿಯ ಹಿಂದಿನ ಕೇಬಲ್ ವೈರನ್ನು ಕಿತ್ತರು. ಗುಂಯ್ ನಿಂತಿತು. ಟಿವಿಯ ಸದ್ದೂ ಇದರಲ್ಲೇ ಬರಲೆಂದು ಟಿವಿಯನ್ನು ಆಂಪ್ಲಿಫೈಯರಿಗೆ ನಾನೇ ಜೋಡಿಸಿದ್ದೆ. ಕೇಬಲ್ಲಿನ ಅರ್ತ್ ಬೇರೆ, ಮನೆಯ ಅರ್ತ್ ಬೇರೆ. ಎರಡರ ನಡುವಿನ ವ್ಯತ್ಯಾಸವೇ ಆ ರಾಗ. ‘ನನ್ನ ಧಾರಾವಾಹಿ ನಿಲ್ಲಿಸೋಕೆ ಇಷ್ಟೆಲ್ಲ ನಾಟಕ ಬೇಕಿತ್ತೇನ್ರೀ?’ ಎಂದಳು ಹೆಂಡತಿ.

ಬಯಸ್ ಕೂರಿಸುವುದನ್ನು, ಅಂದರೆ ಒಂದೊಂದು ವಾಲ್ವಿನಲ್ಲೂ ಹರಿಯುವ ಕರೆಂಟನ್ನು ಹದಕ್ಕೆ ತರುವುದನ್ನು, ಕಲಿಸಿದವರೂ ಆ ಮೆಕ್ಯಾನಿಕ್ಕೇ. ಎರಡು ತಿಂಗಳಿಗೊಮ್ಮೆ, ಭಾನುವಾರ ಬೆಳಿಗ್ಗೆ, ಆಂಪ್ಲಿಫೈಯರ್ ಚೆನ್ನಾಗಿ ಕಾದಿರುವಾಗ, ಮಲ್ಟಿಮೀಟರಿನ ಕಡ್ಡಿಯನ್ನು ಒಂದು ಸಣ್ಣ ತೂತಿಗಿಟ್ಟು ಅದರ ಪಕ್ಕದ ತಿರುಪನ್ನು ಗಡಿಯಾರ ರಿಪೇರಿಯ ಸ್ಕ್ರೂಡ್ರೈವರಿನಿಂದ ಕೂದಲೆಳೆಯಷ್ಟು ತಿರುಗಿಸಬೇಕು. ಅಲ್ಲಿರುವುದು ಹತ್ತು ಓಮಿನ ರೆಸಿಸ್ಟರ್. ಮೀಟರಿನಲ್ಲಿ 0.4 ವೋಲ್ಟ್ ಬಂದರೆ ವಾಲ್ವಿನಲ್ಲಿ 40 ಮಿಲಿ ಆಂಪಿಯರ್ ಹರಿಯುತ್ತಿದೆ ಎಂದು ಲೆಕ್ಕ. ಒಂದನ್ನು ಸರಿಮಾಡಿದರೆ ಪಕ್ಕದ್ದು ಕದಲುತ್ತದೆ, ಅದನ್ನು ಸಮಾಧಾನ ಮಾಡಿದರೆ ಮೊದಲನೆಯದಕ್ಕೆ ಸಿಟ್ಟು. ನಾಲ್ಕೂ ಒಂದೇ ಅಂಕೆಗೆ ಬಂದು ನಿಲ್ಲುವ ಹೊತ್ತಿಗೆ ಮುಕ್ಕಾಲು ಗಂಟೆ. ನಿಜ ಹೇಳಬೇಕೆಂದರೆ ನನಗೆ ಹಾಡು ಕೇಳುವಷ್ಟೇ ಸುಖ ಇದರಲ್ಲೂ ಇದೆ. ‘ತಳ ಬಿಚ್ಚೋದಾದ್ರೆ ಒಂದು ಕೈ ಜೇಬಲ್ಲಿರ್ಲಿ ಸಾರ್’ ಎಂಬುದು ಅವರ ಇನ್ನೊಂದು ಪಾಠ. ಎರಡು ಕೈಯನ್ನೂ ಒಳಗಿಟ್ಟರೆ ಕರೆಂಟು ಎದೆಯ ಮೂಲಕ ದಾಟುತ್ತದೆ. ಬಂದ್ ಮಾಡಿದ ಮೇಲೂ ಕೆಪ್ಯಾಸಿಟರುಗಳು ಹಳೇ ದ್ವೇಷದಂತೆ ವೋಲ್ಟೇಜನ್ನು ಹಿಡಿದಿಟ್ಟುಕೊಂಡಿರುತ್ತವೆ.

ಒಂದು ದಿನ ಅವರು ಬೆಂಕಿಪೊಟ್ಟಣಕ್ಕಿಂತ ಕೊಂಚ ದೊಡ್ಡದಾದ, ಬಣ್ಣ ಮಾಸಿದ ಎರಡು ರಟ್ಟಿನ ಡಬ್ಬಿ ಕೊಟ್ಟರು. ಒಳಗೆ ಇಸಿಸಿ83 ಎಂಬ ಪುಟ್ಟ ವಾಲ್ವುಗಳು. ಗಾಜಿನ ಮೇಲೆ ಬಿಇಎಲ್ ಎಂಬ ಅಚ್ಚು. ‘ಜಾಲಹಳ್ಳಿ ಮಾಲು ಸಾರ್’ ಎಂದರು, ಮೈಸೂರು ಮಲ್ಲಿಗೆ ಎನ್ನುವ ದನಿಯಲ್ಲಿ. ಭಾರತ್ ಎಲೆಕ್ಟ್ರಾನಿಕ್ಸ್ ಹುಟ್ಟಿದ್ದು 1954ರಲ್ಲಿ. ಅರವತ್ತರ ದಶಕದಲ್ಲಿ ಈ ದೇಶದ ರೇಡಿಯೋಗಳಿಗೆ ಜಾಲಹಳ್ಳಿಯಲ್ಲಿ ವಾಲ್ವು ತಯಾರಾಗುತ್ತಿತ್ತು. ನನ್ನ ಇಎಲ್34ಗಳು ಸ್ಲೊವಾಕಿಯಾದಿಂದ ಬಂದವು; ಅವುಗಳ ಮುಂದೆ ಈಗ ಸ್ಥಳೀಯರಿಬ್ಬರು ಕೂತಿದ್ದಾರೆ. ತಲೆಯೊಳಗಿನ ಬೆಳ್ಳಿ ಬಣ್ಣದ ಲೇಪ ಇನ್ನೂ ಹೊಳೆಯುತ್ತಿದೆ. ಗಾಳಿ ಹೊಕ್ಕರೆ ಅದು ಹಾಲಿನಂತೆ ಬೆಳ್ಳಗಾಗಿಬಿಡುತ್ತದೆ, ಅಲ್ಲಿಗೆ ವಾಲ್ವಿನ ಋಣ ತೀರಿತು. ಆಗಾಗ ಬಗ್ಗಿ ನೋಡುತ್ತಿರುತ್ತೇನೆ.

ವಾಲ್ವಿನ ಭಕ್ತರು ಹೇಳುವ ಒಂದು ಮಾತನ್ನು ನಾನೂ ಬಹಳ ಕಾಲ ಹೇಳಿಕೊಂಡು ತಿರುಗಿದ್ದೆ. ಅವರ ಪ್ರಕಾರ ವಾಲ್ವು ಸ್ವರಕ್ಕೆ ಎರಡನೇ ಹಾರ್ಮೋನಿಕ್ಕನ್ನು ಸೇರಿಸುತ್ತದೆ. ಎರಡನೆಯದೆಂದರೆ ಷಡ್ಜಕ್ಕೆ ಮೇಲಿನ ಷಡ್ಜ. ತಂಬೂರಿಯ ಕುದುರೆಯ ಮೇಲೆ ದಾರ ಇಟ್ಟು ಜವಾರಿ ತರಿಸಿ, ಆ ಮೇಲಿನ ಸ್ವರಗಳನ್ನು ಬೇಕೆಂದೇ ಎಬ್ಬಿಸಿ ಕೇಳುವ ನಮ್ಮ ಕಿವಿಗೆ ಈ ತಪ್ಪು ತಪ್ಪೆನ್ನಿಸುವುದಿಲ್ಲ. ವಾದ ಸೊಗಸಾಗಿದೆ. ಆದರೆ ನನ್ನದು ಪುಷ್-ಪುಲ್. ಅಲ್ಲಿ ವಾಲ್ವುಗಳು ಜೋಡಿಯಾಗಿ ದುಡಿಯುತ್ತವೆ, ಒಂದು ನೂಕಿದರೆ ಇನ್ನೊಂದು ಎಳೆಯುತ್ತದೆ, ಹಾಗೆ ಮಾಡುತ್ತ ಪರಸ್ಪರರ ಎರಡನೇ ಹಾರ್ಮೋನಿಕ್ಕನ್ನು ಬಹುಪಾಲು ಅಳಿಸಿಹಾಕುತ್ತವೆ. ಇದನ್ನು ನನಗೆ ತೋರಿಸಿಕೊಟ್ಟವಳು ಎಂಜಿನಿಯರಿಂಗ್ ಓದುವ ಮಗಳು. ಅಷ್ಟಕ್ಕೇ ಬಿಡದೆ ನನ್ನನ್ನು ಗೋಡೆಗೆ ಮುಖ ಮಾಡಿ ಕೂರಿಸಿ, ಅಂಗೈ ಮೇಲೆ ಕೂರುವ ತನ್ನ ಕ್ಲಾಸ್-ಡಿ ಆಂಪ್ಲಿಫೈಯರನ್ನು ಪಕ್ಕಕ್ಕಿಟ್ಟು, ಫೋನಿನಲ್ಲಿ ಅಳೆದು ಎರಡರ ಸದ್ದನ್ನೂ ಸಮ ಮಾಡಿದಳು. ಎಳ್ಳಷ್ಟು ಜೋರಾಗಿರುವುದೇ ಚೆನ್ನಾಗಿದೆ ಅನ್ನಿಸಿಬಿಡುತ್ತದಂತೆ. ದೊರೆಸ್ವಾಮಿ ಅಯ್ಯಂಗಾರರ ವೀಣೆಯ ಒಂದೇ ತುಣುಕು, ಹತ್ತು ಸಲ. ಆರು ಸರಿಯಾಗಿ ಹೇಳಿದೆ. ‘ನಾಣ್ಯ ಚಿಮ್ಮಿದ್ರೂ ಇಷ್ಟು ಬರತ್ತಪ್ಪಾ’ ಎಂದು ನಕ್ಕು, ತನ್ನದನ್ನು ಚೀಲಕ್ಕೆ ಹಾಕಿಕೊಂಡು ಹೋದಳು.

ಅವತ್ತು ರಾತ್ರಿ ಸ್ವಲ್ಪ ಪೆಚ್ಚಾಗಿಯೇ ಸ್ವಿಚ್ ಒತ್ತಿದೆ. ಕೆಂಚು ಬಣ್ಣ ಏರಿತು, ಟಿಕ್ ಎಂದಿತು. ಅಮ್ಮ ಡಬರಿ ತಂದಿಟ್ಟಳು. ಮನ್ಸೂರರ ಎಲ್‌ಪಿ ಹಾಕಿ ಕೂತೆ. ಉಸಿರು ಎಲ್ಲಿ ತೆಗೆದುಕೊಂಡರೆಂದು ಗೊತ್ತೇ ಆಗದಂತೆ ತಾನಿನ ಮೇಲೆ ತಾನು ಹೆಣೆದು ಸಮ್‌ಗೆ ಇಳಿಯುವ ಅವರ ಜಾಡನ್ನು ಹಿಂಬಾಲಿಸುತ್ತ ಆರು, ನಾಲ್ಕು ಎಲ್ಲ ಮರೆತಿದ್ದೆ. ಇನ್ನೇನು ಸಮ್ ಬರಬೇಕು, ಕರೆಂಟು ಹೋಯಿತು.

ಮಗಳ ಪುಟ್ಟ ಪೆಟ್ಟಿಗೆಯಾಗಿದ್ದರೆ ಅಲ್ಲಿಗೆ ಎಲ್ಲ ಕತ್ತರಿಸಿದಂತೆ ನಿಲ್ಲುತ್ತಿತ್ತು. ಇದು ನಿಲ್ಲಲಿಲ್ಲ. ಕೆಪ್ಯಾಸಿಟರಿನಲ್ಲಿ ಉಳಿದದ್ದನ್ನು ಖರ್ಚು ಮಾಡುತ್ತ ಹಾಡುತ್ತಲೇ ಇತ್ತು. ಮೋಟಾರು ನಿಂತ ತಟ್ಟೆ ನಿಧಾನವಾಗುತ್ತ ಬಂದಂತೆ ಮನ್ಸೂರರ ದನಿ ತಾರದಿಂದ ಮಧ್ಯಕ್ಕೆ, ಮಧ್ಯದಿಂದ ಮಂದ್ರಕ್ಕೆ ಒಂದೇ ಉದ್ದನೆಯ ಮೀಂಡಿನಲ್ಲಿ ಜಾರಿ ಎಲ್ಲೋ ಕೆಳಗೆ ಮುಳುಗಿತು. ಕತ್ತಲೆಯಲ್ಲಿ ವಾಲ್ವುಗಳು ಮಾತ್ರ ಕೆಂಡದ ಹಾಗೆ ಉಳಿದವು, ಆಮೇಲೆ ಅವೂ ಬೂದಿಯಾದವು. ಎದ್ದು ಹೋಗಿ ಟ್ರಾನ್ಸ್‌ಫಾರ್ಮರಿನ ಮೇಲೆ ಅಂಗೈ ಇಟ್ಟೆ. ಜ್ವರದಷ್ಟು ಬಿಸಿ.

‘ಡಬರಿ ಅಲ್ಲಾಡಿಸಬೇಡ ಕಣೋ’ ಎಂದಿತು ಅಡುಗೆಮನೆಯ ಕತ್ತಲು, ‘ಇನ್ನೂ ಹೆಪ್ಪಾಗಿಲ್ಲ.’