ಕೋಡ್ ಡೈರಿ 7: ಒಂದು ಡ್ರಾಪ್‌ಡೌನ್ ಮಾಡಿದ ಕೆಲ್ಸ

ನಮ್ಮ ಕ್ಲಬ್‌ನಿಂದ ಜೂನಿಯರ್ಸ್‌ಗೆ ಲ್ಯಾಪ್‌ಟಾಪ್ ಎರವಲು ಕೊಡ್ತೀವಲ್ಲ, ಆ ಜಾಂಗೋ ಆ್ಯಪ್ ಬರೆದಿದ್ದು ನಾನೇ. ಅಡ್ಮಿನ್‌ನಲ್ಲಿ ಸ್ಟೇಟಸ್‌ಗೆ ಬರೀ ಡ್ರಾಪ್‌ಡೌನ್ ಇತ್ತು. ಒಬ್ಬಳ ಅರ್ಜಿ ‘ಮಂಜೂರು’ ಆಗಿದ್ದು ‘ತಿರಸ್ಕೃತ’ ಆಗಿಬಿಟ್ಟಿತ್ತು. ಅವಳು ಯಾರನ್ನೂ ಕೇಳದೆ, ಪ್ರಾಕ್ಟೀಸ್ ಇಲ್ಲದೆ ಲ್ಯಾಬ್ ಪರೀಕ್ಷೆಗೆ ಹೋದಳು. ಅಡ್ಮಿನ್ ಹಿಸ್ಟರಿ ತೆಗೆದು ನೋಡಿದ್ರೆ ನನ್ನದೇ ಹೆಸರು!

ಅವತ್ತೇ ಜಾಂಗೋ-ಎಫ್‌ಎಸ್‌ಎಂ ಹಾಕಿದೆ. ಪ್ರತಿ ಟ್ರಾನ್ಸಿಷನ್‌ಗೂ ಸೋರ್ಸ್, ಟಾರ್ಗೆಟ್ ಬರೆದೆ: ‘ಸಲ್ಲಿಕೆ’ಯಿಂದ ಮಾತ್ರ ‘ಮಂಜೂರು’ ಅಥವಾ ‘ತಿರಸ್ಕೃತ’. ಅಡ್ಮಿನ್‌ನಲ್ಲಿ ಸ್ಟೇಟಸ್ ಫೀಲ್ಡ್ ರೀಡ್‌ಓನ್ಲಿ ಮಾಡಿ, ಆ ಹಂತದಲ್ಲಿ ಒತ್ತಬಹುದಾದ ಬಟನ್‌ಗಳನ್ನಷ್ಟೇ ಕೆಳಗಿಟ್ಟೆ. ನೆನಪಿರಲಿ: ಟ್ರಾನ್ಸಿಷನ್ ತಾನಾಗಿ ಸೇವ್ ಆಗಲ್ಲ, ಅದನ್ನ ನಾವೇ ಮಾಡ್ಬೇಕು.

ಅವಳ ಹತ್ರ ಹೋಗಿ ತಪ್ಪು ನಂದು ಅಂದೆ. ‘ನಾನೂ ಒಂದ್ಸಲ ಕೇಳ್ಬೇಕಿತ್ತು ಅಣ್ಣ’ ಅಂದಳು. ಕೇಳೋ ಪರಿಸ್ಥಿತಿ ಬರಬಾರದಿತ್ತು ಕಣಮ್ಮ.